ಮಳೆ ಬಿತ್ತೆಂದು ನೆರವು ನಿಲ್ಲಿಸಬೇಡಿ: ಕಂದಾಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಂದಾಯ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯ ಒಂದು ಮಳೆಯಾಶ್ರಿತ ಹಳ್ಳಿಯವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಮನೆಗೆ ಸ್ವಲ್ಪ ಜಮೀನಿದೆ, ತಮ್ಮ ನೋಡಿಕೊಳ್ಳುತ್ತಾನೆ. ಯಾವ ಪಕ್ಷಕ್ಕೂ ಸೇರಿದವನಲ್ಲ. ಬರಗಾಲದಲ್ಲಿ ಊರವರ ಅರ್ಜಿ ಬರೆದುಕೊಡುವುದು, ತಾಲ್ಲೂಕು ಕಚೇರಿಗೆ ಜೊತೆಗೆ ಹೋಗುವುದು ನನ್ನ ಪಾಲಿಗೆ ಬಂದ ಕೆಲಸ. ಆ ಕೆಲಸದಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರ ಬಂದಾಗ ಸರ್ಕಾರ ಸುಮ್ನೆ ಕೂರುತ್ತದೆ ಎಂದು ನಾನು ಹೇಳುವುದಿಲ್ಲ. ನೆರವು ಬರುತ್ತದೆ. ತಡವಾದರೂ ಬರುತ್ತದೆ. ನನ್ನ ದೂರು ಇಷ್ಟು: ಮೊದಲ ಹದ ಮಳೆ ಬಿದ್ದ ಕೂಡಲೇ ಆ ನೆರವು ನಿಂತುಹೋಗುತ್ತದೆ. ಮೇವು ಬ್ಯಾಂಕ್ ಮುಚ್ಚುತ್ತದೆ. ಟ್ಯಾಂಕರ್ ನಿಲ್ಲುತ್ತದೆ. ಅಧಿಕಾರಿಗಳ ಸಭೆಗಳಲ್ಲಿ ಬರದ ಮಾತು ಮುಗಿದು ನೆರೆಯ ಮಾತು ಶುರುವಾಗುತ್ತದೆ. ಆದರೆ ನಮ್ಮ ಊರಿನ ಬಡವರಿಗೆ ಅತಿ ಕಷ್ಟದ ತಿಂಗಳುಗಳು ಶುರುವಾಗುವುದೇ ಆಗ. ಮಳೆ ಬಿದ್ದಿದೆ, ಬಿತ್ತಲು ಬೀಜವಿಲ್ಲ. ಹೊಲ ಹಸಿಯಾಗಿದೆ, ಹೂಡಲು ಎತ್ತಿಲ್ಲ. ಊರಲ್ಲಿ ಕೆಲಸ ಇದೆ, ಮಾಡುವ ಮಗ ಇನ್ನೂ ಬೇರೆ ಊರಿನಲ್ಲಿ ಸಾಲ ತೀರಿಸುತ್ತಿದ್ದಾನೆ.

2023ರ ಬರದ ಲೆಕ್ಕ ನಿಮ್ಮ ಇಲಾಖೆಯಲ್ಲೇ ಇದೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬರ ಘೋಷಣೆಯಾಯಿತು. ಕೊನೆಗೆ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದಾದವು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದು ನೋಡಿ ಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಹಣ ಬರಲಿಲ್ಲವೆಂದು 2024ರ ಜನವರಿಯಲ್ಲಿ ರಾಜ್ಯವೇ ರೈತರಿಗೆ ಮೊದಲ ಕಂತಾಗಿ ತಲಾ 2,000 ರೂಪಾಯಿವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ಸುಮಾರು 3,400 ಕೋಟಿ ಬಂತು. ಇದರಲ್ಲಿ ಯಾರದು ಸರಿ, ಯಾರದು ತಪ್ಪು ಎನ್ನುವ ಜಗಳಕ್ಕೆ ನಾನು ಇಳಿಯುವುದಿಲ್ಲ. ನಾನು ನೋಡುವುದು ತಿಂಗಳುಗಳನ್ನು. ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡ ಬರಕ್ಕೆ ದೊಡ್ಡ ಕಂತು ಕೈಗೆ ಬರುವಾಗ ಮತ್ತೊಂದು ಮುಂಗಾರು ಬಾಗಿಲಿಗೆ ಬಂದಿತ್ತು.

ಆ ಏಳೆಂಟು ತಿಂಗಳಲ್ಲಿ ಊರು ಏನೇನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಕ್ರಮ ಇದೆ. ನಾನು ಎಷ್ಟೋ ಬರಗಳಲ್ಲಿ ಅದೇ ಕ್ರಮ ನೋಡಿದ್ದೇನೆ. ಮೊದಲು ಆಡು ಕುರಿ ಹೋಗುತ್ತವೆ. ಆಮೇಲೆ ಹೆಂಗಸರ ಕಿವಿಯೋಲೆ, ತಾಳಿಯ ಗುಂಡು ಒತ್ತೆಗೆ ಹೋಗುತ್ತವೆ. ಸಂಘದ ಸಾಲ, ಅದನ್ನು ತೀರಿಸಲು ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ, ಅದನ್ನು ತೀರಿಸಲು ಕೈಸಾಲ. ಕಣಿಕೆಯ ಬಣವೆ ಕರಗುತ್ತದೆ. ಬೀಜಕ್ಕೆಂದು ಬೂದಿ ಹಚ್ಚಿ ಗಡಿಗೆಯಲ್ಲಿಟ್ಟ ಜೋಳ ರೊಟ್ಟಿಯಾಗುತ್ತದೆ. ಕೊನೆಗೆ ಎತ್ತುಗಳು. ಎತ್ತು ಮಾರಿದ ಮನೆಯವರು ಸಂತೆಯಿಂದ ಬಂದು ಯಾರ ಜೊತೆಗೂ ಮಾತಾಡುವುದಿಲ್ಲ, ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ಆಮೇಲೆ ಗುಳೆ, ಅಂದರೆ ದುಡಿಮೆ ಹುಡುಕಿಕೊಂಡು ಊರು ಬಿಡುವುದು.

ಹೀಗೆ ಮಾರಿದ್ದರಲ್ಲಿ ಒಂದೂ ಮಳೆ ಬಂತೆಂದು ತಾನಾಗಿ ಮನೆಗೆ ವಾಪಸ್ ಬರುವುದಿಲ್ಲ. ಎಲ್ಲರೂ ಒಟ್ಟಿಗೆ ಮಾರುವಾಗ ಅರ್ಧ ಬೆಲೆ. ಎಲ್ಲರೂ ಒಟ್ಟಿಗೆ ಕೊಳ್ಳುವಾಗ ಒಂದೂವರೆ ಪಟ್ಟು ಬೆಲೆ. ಬಡವ ಎರಡೂ ಕಡೆ ಸೋಲುತ್ತಾನೆ. ಒಂದು ಬರದಲ್ಲಿ ಹೋದದ್ದನ್ನು ಮತ್ತೆ ಕೂಡಿಸಿಕೊಳ್ಳಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ಬರ ಬಂದಿರುತ್ತದೆ.

ಒಳ್ಳೆಯದನ್ನೂ ಹೇಳಬೇಕು. 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿಯೂಟ ಸಿಕ್ಕಿತು. ಆ ಊಟಕ್ಕೆ ತಟ್ಟೆ ಹಿಡಿದು ಬರುತ್ತಿದ್ದ ಮಕ್ಕಳ ಸಂಖ್ಯೆ ನೋಡಿದ್ದರೆ ಅದರ ಬೆಲೆ ಗೊತ್ತಾಗುತ್ತಿತ್ತು. ರೇಷನ್ ಅಕ್ಕಿ ತಪ್ಪಲಿಲ್ಲ. ಹೆಚ್ಚುವರಿ ಐದು ಕೆಜಿ ಅಕ್ಕಿಗೆ ಬದಲಾಗಿ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, ಅದರಲ್ಲಿ ಎಣ್ಣೆ, ಬೇಳೆ, ಔಷಧ ಬಂತು. ನಮ್ಮ ಊರಿನಲ್ಲಿ ಯಾರೂ ಹಸಿದು ಸಾಯಲಿಲ್ಲ. ಇದು ಸಣ್ಣ ಮಾತಲ್ಲ. ಇತಿಹಾಸ ಪಾಠ ಮಾಡಿದವನಾಗಿ ನನಗೆ ಅದು ಎಷ್ಟು ದೊಡ್ಡ ಮಾತು ಎಂಬುದು ಗೊತ್ತು.

1876ರಿಂದ 78ರವರೆಗಿನ ಬರವನ್ನು ನೆನೆಸಿಕೊಳ್ಳಿ. ಹಳೆ ಮೈಸೂರಿನವರು ಅದನ್ನು ಧಾತು ಈಶ್ವರ ಬರ ಎನ್ನುತ್ತಿದ್ದರು. ಮೈಸೂರು ಸಂಸ್ಥಾನ, ಬಳ್ಳಾರಿ, ಕಲಾದಗಿ, ಧಾರವಾಡ, ನಿಜಾಮರ ಸೀಮೆಯ ನಮ್ಮ ಊರುಗಳು ಎಲ್ಲವೂ ಅದರಲ್ಲಿ ಬೆಂದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಇಷ್ಟು ಕುಸಿದಿತ್ತು ಎಂದರೆ ಎಷ್ಟು ಮನೆಗಳ ದೀಪ ಆರಿರಬೇಕು! ಆಗ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಅದರ ಮೇಲೆ ಪುಡಿಗಾಸು ಸಾಕು ಎಂದರು. ಕಲ್ಲು ಒಡೆಯುವವನಿಗೆ ಇಷ್ಟು ಸಾಲದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಹಟ ಹಿಡಿದು ವಾದಿಸಿದರು. ಕೂಲಿ ಹೆಚ್ಚಾಗುವಷ್ಟರಲ್ಲಿ ಬಹಳ ಜನರ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ.

ಆ ಬರದಿಂದ ಕಲಿಯಬೇಕಾದ್ದು ಒಂದಿದೆ, ಅದನ್ನು ನಾವು ಮರೆತಿದ್ದೇವೆ. 1877ರ ಕೊನೆಯ ತಿಂಗಳುಗಳಲ್ಲಿ ಮಳೆ ಬಂತು. ಸಾವು ಮಾತ್ರ ನಿಲ್ಲಲಿಲ್ಲ. ಒಣಗಿ ಹೋದ ದೇಹಗಳಿಗೆ ಮಳೆಯ ಹಿಂದೆಯೇ ಚಳಿಜ್ವರ ಬಂತು. ಹಸಿವು ಬಿಟ್ಟವರನ್ನು ಜ್ವರ ಒಯ್ದಿತು. ಬದುಕಿ ಉಳಿದು ಊರಿಗೆ ಮರಳಿದವರಿಗೆ ಮನೆಯ ಮಾಡು ಇರಲಿಲ್ಲ, ಎತ್ತು ಇರಲಿಲ್ಲ, ಬೀಜ ಇರಲಿಲ್ಲ.

ಆಗ ಒಂದು ಕೆಲಸ ಸರಿಯಾಗಿ ನಡೆಯಿತು. 1877ರ ಆಗಸ್ಟ್‌ನಲ್ಲಿ ಮದ್ರಾಸಿನ ಗವರ್ನರ್ ಮನವಿ ಮಾಡಿದ ಮೇಲೆ ಲಂಡನ್ನಿನ ಮೇಯರ್ ಒಂದು ನಿಧಿ ತೆರೆದರು. ಇಂಗ್ಲೆಂಡಿನ ಸಾಮಾನ್ಯ ಜನರೂ ಅದಕ್ಕೆ ಕೊಟ್ಟರು. ಆ ಹಣ ಬಂದು ತಲುಪುವಾಗ ಇಲ್ಲಿ ಮಳೆ ಶುರುವಾಗಿತ್ತು. ಹಂಚುವ ಸಮಿತಿಗಳವರು, ಮಳೆ ಬಂತಲ್ಲ, ಇನ್ನು ಬೇಡ ಎಂದು ಹಣ ವಾಪಸ್ ಕಳಿಸಲಿಲ್ಲ. ಅದರ ದೊಡ್ಡ ಪಾಲನ್ನು ಸಣ್ಣ ರೈತರಿಗೆ ಬೀಜ ಕೊಳ್ಳಲು, ಎತ್ತು ಕೊಳ್ಳಲು, ಬಿದ್ದ ಮನೆಗೆ ಮಾಡು ಹಾಕಿಸಲು ಕೊಟ್ಟರು. ಗಂಜಿ ಕೊಟ್ಟು ಬದುಕಿಸಿದವನನ್ನು ಮತ್ತೆ ಅವನ ಹೊಲದಲ್ಲಿ ನಿಲ್ಲಿಸಬೇಕು ಎಂಬ ತಿಳುವಳಿಕೆ ಆ ಸಮಿತಿಗಳಿಗೆ ಇತ್ತು. ಆಳುವ ಸರ್ಕಾರ ಮಾಡಿದ ಅನ್ಯಾಯವನ್ನು ಆ ನಿಧಿ ತೊಳೆಯಲಿಲ್ಲ, ನಿಜ. ಆದರೆ ನೆರವನ್ನು ಯಾವಾಗ, ಯಾವುದಕ್ಕೆ ಕೊಡಬೇಕು ಎಂಬುದನ್ನು ಅದು ತೋರಿಸಿಕೊಟ್ಟಿತು.

1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. ಅದರ ಹಿಂದೆಯೇ 1883ರಲ್ಲಿ ಜಮೀನು ಸುಧಾರಣೆ ಸಾಲದ ಕಾಯ್ದೆ, 1884ರಲ್ಲಿ ಬೀಜ ಎತ್ತುಗಳಿಗೆ ಸಾಲ ಕೊಡುವ ಕಾಯ್ದೆ ಬಂದವು. ನಮ್ಮ ಹಿರಿಯರ ಬಾಯಲ್ಲಿದ್ದ ತಕಾವಿ ಸಾಲ ಅದೇ. ಅದರಲ್ಲಿ ನೂರು ಹುಳುಕು ಇದ್ದವು. ಶಾನುಭೋಗರ ಕೈ ಬೆಚ್ಚಗೆ ಮಾಡದೆ ಅದು ಸಿಗುತ್ತಿರಲಿಲ್ಲ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಆದರೂ ಬರ ಮುಗಿದ ಮೇಲೆ ಹೂಡುವವನ ಕೈಗೆ ಏನಾದರೂ ಕೊಡಬೇಕು ಎಂಬುದು ಕಾಯ್ದೆಯಲ್ಲಿ ಬರೆದಿತ್ತು. ಇವತ್ತಿನ ನಮ್ಮ ನಿಯಮಗಳಲ್ಲಿ ಅದು ಎಲ್ಲಿದೆ ಎಂದು ದಯವಿಟ್ಟು ಹುಡುಕಿಸಿ ನೋಡಿ.

ಎತ್ತಿನ ವಿಷಯವನ್ನೇ ತೆಗೆದುಕೊಳ್ಳಿ. ವಿಪತ್ತು ಪರಿಹಾರ ನಿಧಿಯ 2022ರ ನಿಯಮಗಳಲ್ಲಿ ಸತ್ತ ಹಸು, ಎಮ್ಮೆಗೆ 37,500 ರೂಪಾಯಿ, ಉಳುವ ಎತ್ತಿಗೆ 32,000, ಕುರಿ ಮೇಕೆಗೆ 4,000 ಎಂದು ಇದೆ. ಸಿಡಿಲು ಬಡಿದು, ನೆರೆಯಲ್ಲಿ ಕೊಚ್ಚಿಹೋಗಿ ಸತ್ತ ಜಾನುವಾರಿಗೆ ಇದು ಸರಿಯಾದ ನಿಯಮ. ಬರದಲ್ಲಿ ಹಾಗಲ್ಲ. ಬರಗಾಲದಲ್ಲಿ ರೈತ ತನ್ನ ಎತ್ತು ಕಣ್ಣೆದುರು ಸಾಯುವವರೆಗೆ ಕಾಯುವುದಿಲ್ಲ. ಮೇವು ಹಾಕಲು ಆಗದೆ ಮೊದಲೇ ಮಾರಿಬಿಡುತ್ತಾನೆ. ಮಾರಿದ ಎತ್ತಿಗೆ ನಿಯಮದಲ್ಲಿ ಒಂದು ರೂಪಾಯಿಯೂ ಇಲ್ಲ. ಪಂಚನಾಮೆ ಇಲ್ಲ, ಮರಣೋತ್ತರ ಪರೀಕ್ಷೆ ಇಲ್ಲ, ಹಾಗಾಗಿ ನಷ್ಟವೂ ಆಗಿಲ್ಲ ಎಂಬುದು ಕಚೇರಿಯ ಲೆಕ್ಕ. ಆ ಮನೆಯ ಹೊಲ ಮಾತ್ರ ಮುಂದಿನ ವರ್ಷ ಬೀಳು ಬಿದ್ದಿರುತ್ತದೆ.

ಗೋಶಾಲೆ ಇದೆಯಲ್ಲ ಎಂದು ನೀವು ಕೇಳಬಹುದು. ಅದೇ 2022ರ ನಿಯಮಗಳಲ್ಲಿ ಗೋಶಾಲೆಯ ದೊಡ್ಡ ಜಾನುವಾರಿಗೆ ದಿನಕ್ಕೆ 80 ರೂಪಾಯಿ ಲೆಕ್ಕ ಇದೆ, ಗೊತ್ತು. ಆದರೆ ಗೋಶಾಲೆ ಹೋಬಳಿಗೆ ಒಂದು ತೆರೆದರೆ ಹೆಚ್ಚು. ಎತ್ತು ಹೊಡೆದುಕೊಂಡು ಅಷ್ಟು ದೂರ ಹೋಗಿ, ಅಲ್ಲೇ ಮಲಗಿ ಕಾಯಲು ಮನೆಯಲ್ಲಿ ಒಬ್ಬ ಗಟ್ಟಿ ಆಳು ಬೇಕು. ಅವನು ಅಲ್ಲಿ ಕೂತರೆ ಕೂಲಿಗೆ ಹೋಗುವವರು ಯಾರು? ನಮ್ಮ ಊರಿನ ಬಹಳ ಮಂದಿ ಗೋಶಾಲೆಗೆ ಹೋಗದೆ ಎತ್ತನ್ನು ಸಂತೆಗೆ ಹೊಡೆದದ್ದು ಈ ಕಾರಣಕ್ಕೆ. ಅದೇ ಮೇವನ್ನು ಊರಿನ ಹಾಲಿನ ಡೇರಿ ಮುಂದೆ ತೂಕ ಮಾಡಿ ಕೊಟ್ಟಿದ್ದರೆ ಎಷ್ಟೋ ಜೋಡಿ ಉಳಿಯುತ್ತಿದ್ದವು.

ಟ್ರಾಕ್ಟರ್ ಬಂದ ಮೇಲೆ ಎತ್ತು ಯಾಕೆ ಎನ್ನುವವರೂ ಇದ್ದಾರೆ. ಎರಡೆಕರೆ, ಮೂರೆಕರೆಯವನ ಮಾತು ಅವರಿಗೆ ಗೊತ್ತಿಲ್ಲ. ಮಳೆ ಬಿದ್ದು ಹದ ಆರುವುದರೊಳಗೆ ಕೂರಿಗೆ ಹೂಡಬೇಕು. ನಮ್ಮ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಗಳಲ್ಲಿ ಆ ಹದ ಎರಡು ಮೂರು ದಿನ ನಿಂತರೆ ದೊಡ್ಡದು. ಆ ದಿನಗಳಲ್ಲಿ ಟ್ರಾಕ್ಟರ್ ಮೊದಲು ಹೋಗುವುದು ದೊಡ್ಡ ಹೊಲಕ್ಕೆ, ರೊಕ್ಕ ಕೈಯಲ್ಲಿ ಇಟ್ಟವನ ಹೊಲಕ್ಕೆ. ಬಡವನ ಸರದಿ ಬರುವಾಗ ನೆಲ ಬಿರಿಯುತ್ತಿರುತ್ತದೆ. ತಡವಾಗಿ ಬಿತ್ತಿದ ಸಜ್ಜೆ, ಹೆಸರು ಅರ್ಧಕ್ಕೆ ನಿಲ್ಲುತ್ತವೆ. ಒಳ್ಳೆ ಮಳೆ ಬಂದ ವರ್ಷವೂ ಅವನಿಗೆ ಬರವೇ.

ಇನ್ನು ಬೀಜ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ಬೀಜ ಸಿಗುತ್ತದೆ. ಅದಕ್ಕೆ ಪಹಣಿ ಬೇಕು, ಫ್ರೂಟ್ಸ್ ಐಡಿ ಎಂಬ ರೈತರ ನೋಂದಣಿ ಸಂಖ್ಯೆ ಬೇಕು, ಮುಂಗಡ ಹಣ ಬೇಕು. ಬೆಳೆ ಪರಿಹಾರಕ್ಕೂ ಅದೇ ಐಡಿ. ಪಹಣಿ ತನ್ನ ಹೆಸರಿನಲ್ಲಿ ಇರುವವನಿಗೆ ಇದು ಸುಲಭ. ಆದರೆ ನಮ್ಮ ಊರಿನಲ್ಲಿ ಹೊಲ ಮಾಡುವವರಲ್ಲಿ ಎಷ್ಟೋ ಜನ ಲಾವಣಿಗೆ, ಅಂದರೆ ಗುತ್ತಿಗೆಗೆ ಹಾಕಿಕೊಂಡವರು, ಪಾಲಿಗೆ ಮಾಡುವವರು. ಬೆಳೆ ಹೋದರೆ ನಷ್ಟ ಅವರದು, ಪರಿಹಾರ ಮಾತ್ರ ಪಹಣಿಯ ಹೆಸರಿನವರಿಗೆ. 2023ರ ಬರದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ, ಎರಡು ಹೆಕ್ಟೇರ್‌ವರೆಗೆ ಇತ್ತು. ಆ ಹಣ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಜಮೀನುದಾರರ ಖಾತೆಗೆ ಬಿದ್ದದ್ದನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಒಳ್ಳೆಯವರು, ಲಾವಣಿಯವನಿಗೆ ಕೊಟ್ಟರು. ಕೆಲವರು ಕೊಡಲಿಲ್ಲ. ಯಾರದೋ ಒಳ್ಳೆಯತನದ ಮೇಲೆ ನಿಲ್ಲುವುದನ್ನು ಸರ್ಕಾರದ ನೆರವು ಎನ್ನಲು ಆಗುತ್ತದೆಯೇ?

ಗಂಡ ತೀರಿಕೊಂಡ ಹೆಣ್ಣುಮಕ್ಕಳದು ಇನ್ನೂ ಕಷ್ಟ. ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇರುತ್ತದೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗಿರುವುದಿಲ್ಲ. ಮೈದುನಂದಿರು ಸಹಿ ಹಾಕುವುದಿಲ್ಲ. ಬಿತ್ತುವವಳು ಅವಳೇ, ಕಳೆ ಕೀಳುವವಳು ಅವಳೇ, ಪಟ್ಟಿಯಲ್ಲಿ ಅವಳ ಹೆಸರು ಮಾತ್ರ ಇಲ್ಲ. ಇಂಥವರ ಅರ್ಜಿ ಹಿಡಿದು ನಾನು ಕಚೇರಿಗಳಿಗೆ ಬಹಳ ಓಡಾಡಿದ್ದೇನೆ. ಗ್ರಾಮ ಆಡಳಿತಾಧಿಕಾರಿಗೆ ಮನಸ್ಸಿದ್ದರೂ ಕಂಪ್ಯೂಟರಿನಲ್ಲಿ ಅವಳಿಗೆ ಜಾಗ ಇಲ್ಲ.

ಗುಳೆ ಹೋದವರ ವಿಷಯದಲ್ಲಿ ಕಚೇರಿಗಳಲ್ಲಿ ಒಂದು ತಪ್ಪು ನಂಬಿಕೆ ಇದೆ. ಮಳೆ ಬಂದರೆ ಅವರು ತಾವಾಗಿ ವಾಪಸ್ ಬರುತ್ತಾರೆ ಎಂಬುದು. ಕಟ್ಟಡದ ಕೆಲಸಕ್ಕೆ ಹೋದವರು ಬಂದರೂ ಬರಬಹುದು. ಇಟ್ಟಿಗೆ ಭಟ್ಟಿಗೆ, ಕಬ್ಬು ಕಡಿಯಲು ಕೂಲಿಯಾಳುಗಳನ್ನು ಕರೆದೊಯ್ಯುವ ಮುಕಾದಮನಿಂದ ಮುಂಗಡ ತೆಗೆದುಕೊಂಡು ಹೋದವರು ಹಾಗೆ ಬರುವಂತಿಲ್ಲ. ಮುಂಗಡ ತೀರುವವರೆಗೆ ಅವರ ದುಡಿಮೆ ಅವರದಲ್ಲ. ಜೂನ್‌ನಲ್ಲಿ ಊರಲ್ಲಿ ಮಳೆ ಬಿತ್ತು ಎಂಬ ಸುದ್ದಿಯನ್ನು ಫೋನಿನಲ್ಲಿ ಕೇಳಿ ಸುಮ್ಮನಿರುತ್ತಾರೆ. ಅವರ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ, ಮಕ್ಕಳು ಇರುವುದಿಲ್ಲ. ಬಂದ ಮಕ್ಕಳೂ ಪಾಠದಲ್ಲಿ ಒಂದು ವರ್ಷ ಹಿಂದೆ ಬಿದ್ದಿರುತ್ತಾರೆ. ಏಳನೇ ತರಗತಿಯ ಹುಡುಗಿ ಹೀಗೆ ಹಿಂದೆ ಬಿದ್ದರೆ ಮನೆಯವರು ಮದುವೆಯ ಮಾತು ತೆಗೆಯುತ್ತಾರೆ. ನನ್ನ ಕೆಲಸದ ವರ್ಷಗಳಲ್ಲಿ ಬರ ಬಂದು ಹೋದ ಮೇಲಿನ ವರ್ಷವೇ ಹುಡುಗಿಯರು ಜಾಸ್ತಿ ಶಾಲೆ ಬಿಟ್ಟದ್ದು. ಬರದ ವರ್ಷ ಊಟಕ್ಕಾದರೂ ಬರುತ್ತಿದ್ದರು.

ಅಂಗನವಾಡಿಯ ಕಾರ್ಯಕರ್ತೆಯನ್ನು ಕೇಳಿದರೂ ಇದೇ ಮಾತು. ಗುಳೆಯಿಂದ ಬಂದ ಕೂಸುಗಳ ತೂಕ ಸರಿಯಾಗಲು ಬಹಳ ತಿಂಗಳು ಹಿಡಿಯುತ್ತದೆ. ಆಷಾಢ ಶ್ರಾವಣದಲ್ಲಿ ಕಣಜ ಖಾಲಿ, ತಾಯಿ ಬೆಳಗಿನಿಂದ ಸಂಜೆಯವರೆಗೆ ಕಳೆ ಕೀಳಲು ಹೊಲದಲ್ಲಿ. ಮಳೆಗಾಲದ ಭೇದಿ, ಜ್ವರ ಬೇರೆ. ಮಗು ಇಳಿದು ಹೋಗುವುದು ಆಗಲೇ.

ಬಂದ ಹಣವಾದರೂ ಬಿತ್ತನೆಗೆ ಸಿಕ್ಕಿತೇ ಎಂದರೆ ಅದೂ ಪೂರ್ತಿ ಇಲ್ಲ. ನಮ್ಮ ಹೋಬಳಿಯ ಒಂದು ಬ್ಯಾಂಕಿನಲ್ಲಿ ಪರಿಹಾರದ ಹಣವನ್ನು ಹಳೆ ಸಾಲಕ್ಕೆ ಜಮಾ ಮಾಡಿಕೊಂಡರು. ಮ್ಯಾನೇಜರ್ ಹತ್ತಿರ ಹೋಗಿ ಕೇಳಿದರೆ, ಖಾತೆಗೆ ಹಣ ಬಂದರೆ ಸಿಸ್ಟಮ್ಮೇ ತೆಗೆದುಕೊಳ್ಳುತ್ತದೆ ಎಂದರು. ಬೀಜ ತರಲು ಬಂದ ಮನುಷ್ಯ ಬರಿಗೈಯಲ್ಲಿ ಬಸ್ ಹತ್ತಿದ. ಮೈಕ್ರೋಫೈನಾನ್ಸ್‌ನವರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ನಿಮ್ಮ ಸರ್ಕಾರ ಸುಗ್ರೀವಾಜ್ಞೆ ತಂದದ್ದು ಒಳ್ಳೆಯ ಕೆಲಸ. ಬರದ ಪರಿಹಾರದ ಹಣಕ್ಕೂ ಅಂಥದೇ ಗಟ್ಟಿ ಕಾವಲು ಬೇಕು.

ಸಣ್ಣ ನೆರವು ಸರಿಯಾದ ಹೊತ್ತಿಗೆ ಬಂದರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಊರಲ್ಲೇ ನೋಡಿದೆ. ನಮ್ಮ ಶಾಲೆಯಲ್ಲಿ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು 2024ರ ಬೇಸಿಗೆಯಲ್ಲಿ ತಮ್ಮೊಳಗೇ ಹಣ ಕೂಡಿಸಿದರು. ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕೊಡೋಣ ಎಂಬುದು ಅವರ ಯೋಚನೆ. ಊರಿಗೆ ಬಂದು ಕೇಳಿದಾಗ ಒಬ್ಬ ಅಜ್ಜಿ ಹೇಳಿದಳು: "ಅಕ್ಕಿ ರೇಷನ್ನಾಗ ಬರ್ತಾವ ತಮ್ಮಾ. ಬಿತ್ತಾಕ ಬೀಜ ಎಲ್ಲಿಂದ ತರ್ಲಿ?" ಹುಡುಗರು ಜಾಣರು, ಕೇಳಿಸಿಕೊಂಡರು. ಪಕ್ಕದ ತಾಲ್ಲೂಕಿನ ರೈತರಿಂದ ನಾಟಿ ಬಿಳಿಜೋಳದ ಬೀಜ, ಸಜ್ಜೆ, ಹೆಸರು ತಂದು ಮೇ ತಿಂಗಳಲ್ಲೇ ಹಂಚಿದರು. ಗಂಡಸರಿಲ್ಲದ ಮನೆಗಳ ಹೊಲಕ್ಕೆ ಟ್ರಾಕ್ಟರ್ ಬಾಡಿಗೆಯನ್ನು ಮೊದಲೇ ಕಟ್ಟಿದರು, ಹಾಗಾಗಿ ಹದ ಬಿದ್ದ ದಿನ ಆ ಹೊಲಗಳ ಸರದಿ ಮುಂದೆ ಬಂತು. ಪಹಣಿ ಕೇಳಲಿಲ್ಲ. ಯಾರು ಯಾವ ಹೊಲ ಮಾಡುತ್ತಾರೆ ಎಂಬುದು ಊರಿಗೆ ಗೊತ್ತಿಲ್ಲವೇ? ಗುಡಿ ಕಟ್ಟೆಯ ಮೇಲೆ ಎಲ್ಲರ ಎದುರು ಪಟ್ಟಿ ಓದಿದರು, ತಕರಾರು ಬಂದಲ್ಲಿ ತಿದ್ದಿದರು.

ಆ ವರ್ಷ ಮಳೆ ಚೆನ್ನಾಗಿ ಬಂತು. ಆ ಮನೆಗಳಲ್ಲಿ ಹೆಚ್ಚಿನವು ಸುಗ್ಗಿ ಕಂಡವು. ಕೆಲವರು ಬೀಜದಷ್ಟು ಕಾಳನ್ನು ವಾಪಸ್ ತಂದು ಪಕ್ಕದವರಿಗೆ ಕೊಟ್ಟರು, ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಆ ನೆರವು ಮುಟ್ಟಲಿಲ್ಲ. ಊರ ಹೊರಗಿನ ತಾಂಡಾಕ್ಕೆ ಬೀಜ ಸಾಲಲಿಲ್ಲ. ಎತ್ತು ಕೊಡಿಸುವಷ್ಟು ಹಣ ಆ ಹುಡುಗರ ಹತ್ತಿರ ಎಲ್ಲಿಂದ ಬರಬೇಕು? ಅದು ಸರ್ಕಾರದ ಕೈಯಲ್ಲಿ ಮಾತ್ರ ಆಗುವ ಕೆಲಸ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಸೊಮಾಲಿಯಾದಲ್ಲಿ 2011ರ ಜುಲೈನಲ್ಲಿ ವಿಶ್ವಸಂಸ್ಥೆ ಕ್ಷಾಮ ಘೋಷಿಸಿತು. ಆ ಕ್ಷಾಮದಲ್ಲಿ ಸುಮಾರು 2.6 ಲಕ್ಷ ಜನ ಸತ್ತರು, ಅದರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಕೂಸುಗಳು. ಘೋಷಣೆಯ ಹೊತ್ತಿಗೇ ಬಹಳಷ್ಟು ಸಾವು ಆಗಿಹೋಗಿತ್ತು. ಮಳೆ ಕೈಕೊಡುತ್ತಿದೆ ಎಂಬ ಎಚ್ಚರಿಕೆ ತಿಂಗಳುಗಳ ಮೊದಲೇ ಬಂದಿತ್ತು, ಹಣ ಮಾತ್ರ ಬಂದಿರಲಿಲ್ಲ. ಆಮೇಲೆ ಅಲ್ಲಿ ಯುದ್ಧದ ನಡುವೆ ಲಾರಿ ಹೋಗದ ಊರುಗಳಿಗೂ ಊರಿನ ವ್ಯಾಪಾರಿಗಳ ಮೂಲಕ ನಗದು ಹಂಚಿದರು. ಕುಟುಂಬಗಳು ಆ ಹಣದಲ್ಲಿ ಊಟ ಮಾಡಿದವು, ಅಂಗಡಿಯ ಸಾಲ ತೀರಿಸಿದವು. ಸಾಲ ತೀರಿದ್ದರಿಂದ ಅಂಗಡಿಯವನು ಮತ್ತೆ ಉದ್ದರಿ ಕೊಟ್ಟ. ಹೀಗೆ ಊರಿನ ವ್ಯವಹಾರಕ್ಕೆ ಮತ್ತೆ ಜೀವ ಬಂತು.

1984ರ ಕ್ಷಾಮದಿಂದ ಲೋಕಕ್ಕೆಲ್ಲ ಪರಿಚಯವಾದ ಇಥಿಯೋಪಿಯಾ 2005ರಲ್ಲಿ ಒಂದು ಯೋಜನೆ ಶುರುಮಾಡಿತು. ಪ್ರತಿ ವರ್ಷ ಬರ ಬಂತೆಂದು ಜಗತ್ತಿನ ಮುಂದೆ ಕೈಚಾಚುವುದು ಬಿಟ್ಟು, ಯಾವಾಗಲೂ ಕೊರತೆಯಲ್ಲಿರುವ ಕುಟುಂಬಗಳನ್ನು ಮೊದಲೇ ಗುರುತಿಸಿ, ವರ್ಷಕ್ಕೆ ಸುಮಾರು ಆರು ತಿಂಗಳು ಧಾನ್ಯ ಅಥವಾ ನಗದು, ಅದಕ್ಕೆ ಬದಲಾಗಿ ಬದು, ಕೆರೆ, ಗಿಡ ನೆಡುವ ಕೆಲಸ. ದುಡಿಯಲಾಗದ ಮುದುಕರಿಗೆ, ಬಾಣಂತಿಯರಿಗೆ ಕೆಲಸವಿಲ್ಲದೆಯೇ ನೆರವು. ಒಂದು ವರ್ಷಕ್ಕೆ ಕೈಬಿಡದೆ ಹಲವು ವರ್ಷ ಕೊಟ್ಟರು. ಮುಂದೆ ಇಂಥ ತಿಂಗಳಲ್ಲಿ ಇಷ್ಟು ಬರುತ್ತದೆ ಎಂದು ಖಾತ್ರಿ ಇದ್ದುದರಿಂದ ಮಂದಿ ಎತ್ತು ಮಾರುವುದನ್ನು ತಡೆದುಕೊಳ್ಳಲು ಆಯಿತು. ಕೀನ್ಯಾದ ಮಾರ್ಸಬಿಟ್‌ನಲ್ಲಿ 2010ರಿಂದ ದನಗಾಹಿಗಳಿಗೆ ಒಂದು ವಿಮೆ ಬಂತು. ಉಪಗ್ರಹದ ಚಿತ್ರದಲ್ಲಿ ಹುಲ್ಲು ಎಷ್ಟು ಹಸಿರಿದೆ ಎಂದು ನೋಡಿ ಹಣ ಕೊಡುತ್ತಾರೆ, ದನದ ಹೆಣ ತೋರಿಸಬೇಕಿಲ್ಲ. ನಮ್ಮ ರಾಜ್ಯದಲ್ಲೂ ಹೋಬಳಿವಾರು ಮಳೆ ಮಾಪಕ ಇವೆ, ಬರ ಘೋಷಣೆಗೆ ಉಪಗ್ರಹದ ಲೆಕ್ಕ ನೋಡುತ್ತೀರಿ. ಬೆಳೆಗೆ ನೋಡುವ ಆ ಲೆಕ್ಕವನ್ನು ಮೇವಿಗೂ ನೋಡಬಹುದು ಅಲ್ವಾ?

ಈಗ ನನ್ನ ಮನವಿಗಳು. ಮೊದಲನೆಯದು, ಬಹಳ ಮುಖ್ಯವಾದದ್ದು. ಬರ ಘೋಷಣೆಯ ಆದೇಶದಲ್ಲಿ ಶುರುವಾಗುವ ದಿನ ಬರೆಯುವಂತೆ ನೆರವು ಮುಗಿಯುವ ದಿನವನ್ನೂ ಬರೆಯಿರಿ, ಅದು ಮುಂದಿನ ಸುಗ್ಗಿಯ ನಂತರವೇ ಇರಲಿ. ಮೊದಲ ಮಳೆಯಿಂದ ಹೊಸ ಕಾಳು ಮನೆಗೆ ಬರುವವರೆಗಿನ ಐದಾರು ತಿಂಗಳಿಗೆ ಬೇರೆಯೇ ಹಣ ತೆಗೆದಿಡಿ. ಕೇಂದ್ರದ ನಿಯಮದಲ್ಲಿ ಅದಕ್ಕೆ ಜಾಗವಿಲ್ಲದಿದ್ದರೆ ರಾಜ್ಯದ ಬಜೆಟ್ಟಿನಲ್ಲಿ ಮಾಡಿ. ಕೇಂದ್ರಕ್ಕೆ ನಿಯಮ ಬದಲಿಸಲು ಬರೆಯುವುದನ್ನೂ ಬಿಡಬೇಡಿ.

ಎರಡನೆಯದು, ಜಾನುವಾರು ಮಾರಾಟ ತಡೆಯುವುದು. ಮೇವು ಊರೂರಿಗೆ ಬರಲಿ. ಡೇರಿ ಇರುವಲ್ಲಿ ಡೇರಿಯ ಮೂಲಕ, ಇಲ್ಲದಲ್ಲಿ ಪಂಚಾಯಿತಿಯ ಮೂಲಕ. ಒಂದು ಜೋಡಿ ಎತ್ತು, ಒಂದು ಹಸು ಉಳಿಸಿಕೊಳ್ಳುವ ಸಣ್ಣ ರೈತನಿಗೆ ಗೋಶಾಲೆಯ ಆ 80 ರೂಪಾಯಿಯನ್ನೇ ಮೇವಿನ ರೂಪದಲ್ಲಿ ಮನೆಬಾಗಿಲಿಗೆ ಕೊಡಿ. ಮಾರಲೇಬೇಕಾಗಿ ಬಂದವನಿಗೆ ಸಹಕಾರ ಸಂಘದಿಂದ ಬಡ್ಡಿಯಿಲ್ಲದ ಸಾಲ ಕೊಟ್ಟು ಮಳೆಗೆ ಮುಂಚೆ ಮತ್ತೆ ಎತ್ತು ಕೊಳ್ಳುವಂತೆ ಮಾಡಿ. ಎರಡು ಸುಗ್ಗಿ ಆದ ಮೇಲೆ ಕಂತು ಶುರುವಾಗಲಿ.

ಬೀಜ ಮೇ ತಿಂಗಳ ಹದಿನೈದರೊಳಗೆ ಗ್ರಾಮ ಪಂಚಾಯಿತಿಗೆ ಬರಬೇಕು. ಬರ ಬಂದ ವರ್ಷದ ಮರುವರ್ಷ ಅದು ಪುಕ್ಕಟೆಯಾಗಿ ಸಿಗಬೇಕು. ಪಹಣಿ ಇಲ್ಲದ ಲಾವಣಿಯವರಿಗೆ, ಪಾಲಿಗೆ ಮಾಡುವವರಿಗೆ, ಪೌತಿ ಖಾತೆ ಆಗದ ಹೆಣ್ಣುಮಕ್ಕಳಿಗೆ ಗ್ರಾಮಸಭೆಯಲ್ಲಿ ಓದಿ ಒಪ್ಪಿಸಿದ ಪಟ್ಟಿಯೇ ಸಾಕು ಎಂದು ಆದೇಶ ಮಾಡಿ. ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದರೆ ಸುಳ್ಳು ಹೆಸರು ನಿಲ್ಲುವುದಿಲ್ಲ, ಊರವರೇ ಹಿಡಿಯುತ್ತಾರೆ. ಪರಿಹಾರದ ಹಣವನ್ನು ಯಾವ ಬ್ಯಾಂಕೂ ಸಾಲಕ್ಕೆ ಹಿಡಿಯಬಾರದು. ಹಿಡಿದರೆ ವಾರದೊಳಗೆ ವಾಪಸ್ ಕೊಡಿಸುವ ಹೊಣೆ ತಹಶೀಲ್ದಾರರ ಮೇಲೆ ಇರಲಿ. ರೈತ ಅರ್ಜಿ ಹಿಡಿದು ಅಲೆಯುವಂತೆ ಆಗಬಾರದು.

ಉದ್ಯೋಗ ಖಾತ್ರಿಯ ಕೆಲಸ ಬರದ ತಾಲ್ಲೂಕುಗಳಲ್ಲಿ ದೀಪಾವಳಿ ಮುಗಿದ ಕೂಡಲೇ ಶುರುವಾಗಲಿ. ಮುಕಾದಮ ಮುಂಗಡದ ಹಣ ಹಿಡಿದು ಊರಿಗೆ ಬರುವ ಮೊದಲು ಪಂಚಾಯಿತಿಯ ಕೆಲಸ ಬರಬೇಕು, ಕೂಲಿ ಹದಿನೈದು ದಿನದೊಳಗೆ ಖಾತೆಗೆ ಬೀಳಬೇಕು. ಕೂಲಿ ಎರಡು ತಿಂಗಳು ತಡವಾದರೆ ಜನ ಗುಳೆಯನ್ನೇ ಆರಿಸಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪಿಲ್ಲ. ಮಕ್ಕಳ ವಿಷಯ ನಿಮ್ಮ ಇಲಾಖೆಯದಲ್ಲ ಎಂದು ಗೊತ್ತು. ಆದರೂ ಬರದ ಸಂಪುಟ ಉಪಸಮಿತಿಯಲ್ಲಿ ಕೂರುವವರು ನೀವು. ಬರದ ಮರುವರ್ಷ ಪೂರ್ತಿ ಅಂಗನವಾಡಿಯಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಜಾಸ್ತಿ ಆಹಾರ ಸಿಗಲಿ. ಗುಳೆಯಿಂದ ಬಂದ ಮಕ್ಕಳಿಗೆ ಶಾಲೆಯಲ್ಲಿ ಬಿಟ್ಟುಹೋದ ಪಾಠ ಕಲಿಸಲು ಒಬ್ಬ ಅತಿಥಿ ಶಿಕ್ಷಕರನ್ನು ಕೊಡಿಸಿ. ಆ ಹುಡುಗಿಯರು ಉಳಿಯುತ್ತಾರೆ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಅಧಿಕಾರಿಗಳು ನಿಮ್ಮನ್ನು ಕೇಳುತ್ತಾರೆ. ಎತ್ತು ಉಳಿದ ಮನೆ, ಬೀಜ ಉಳಿದ ಮನೆ ಮುಂದಿನ ಬರದಲ್ಲಿ ಪರಿಹಾರದ ಸಾಲಿನಲ್ಲಿ ಅಷ್ಟು ಬೇಗ ನಿಲ್ಲುವುದಿಲ್ಲ ಎಂಬುದೇ ನನ್ನ ಉತ್ತರ. ಈಗಿನ ಕ್ರಮದಲ್ಲಿ ಅದೇ ಮನೆಗಳಿಗೆ ಪ್ರತಿ ಬರದಲ್ಲೂ ಮತ್ತೆ ಮತ್ತೆ ಕೊಡುತ್ತಿದ್ದೇವೆ, ಅವರು ಮಾತ್ರ ಪ್ರತಿ ಸಲ ಒಂದು ಮೆಟ್ಟಿಲು ಕೆಳಗೇ ಇರುತ್ತಾರೆ.

ಕೊನೆಯದಾಗಿ ಒಂದು ಕೋರಿಕೆ. ಬರ ವೀಕ್ಷಣೆಗೆ ತಂಡಗಳು ಬರುವುದು ಬೆಳೆ ಒಣಗಿದಾಗ. ಮುಂದಿನ ಸಲ ನಮ್ಮ ಭಾಗಕ್ಕೆ ಬರ ಬಂದರೆ, ಅದರ ಮರುವರ್ಷ ಜೂನ್‌ನಲ್ಲಿ, ಹೊಲ ಹಸಿಯಾದ ವಾರದಲ್ಲಿ, ಇನ್ನೊಮ್ಮೆ ಬನ್ನಿ. ಯಾರ ಹೊಲದಲ್ಲಿ ಕೂರಿಗೆ ನಡೆಯುತ್ತಿದೆ, ಯಾರ ಹೊಲ ಬೀಳು ಬಿದ್ದಿದೆ ಎಂದು ನೋಡಿ, ಬೀಳು ಬಿದ್ದ ಹೊಲದವರ ಮನೆಗೆ ಹೋಗಿ ಕಾರಣ ಕೇಳಿ. ಜಿಲ್ಲಾಧಿಕಾರಿಗಳಿಗೂ ಆ ವಾರ ಅದೇ ಕೆಲಸ ಹಚ್ಚಿ, ಅವರ ವರದಿಯನ್ನು ಜನರ ಮುಂದೆ ಇಡಿ. ಈ ಪತ್ರಕ್ಕೆ ಮುಂದಿನ ಅಧಿವೇಶನದೊಳಗೆ ನಿಮ್ಮ ಉತ್ತರ ಬಂದರೆ ಊರವರಿಗೆ ಓದಿ ಹೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಕೊಪ್ಪಳ ಜಿಲ್ಲೆ